ಅಡುಗೆಮನೇಲಿ ಹೋರಾಟ ಎಲ್ಲಿದೆ ಅಂತ ಕೇಳಿದ್ರಿ

ಹಾಸನದ ಓದುಗರೊಬ್ಬರು ಸಿಟ್ಟಾಗಿ ಬರ್ದಿದ್ದಾರೆ: "ಅಮೆರಿಕದ ಚಿಕಾನಾ, ಅಂದ್ರೆ ಮೆಕ್ಸಿಕೋ ಮೂಲದ, ಕಲಾವಿದೆ ಕಾರ್ಮೆನ್ ಲೋಮಾಸ್ ಗಾರ್ಸಾ ಅವರ ಚಿತ್ರಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಮನೆಮಂದಿ ಕೂತು ತಮಾಲೆ (ಜೋಳದ ಹಿಟ್ಟಿನ ಕಡುಬು) ಕಟ್ಟೋದು, ಕಲ್ಲಂಗಡಿ ತಿನ್ನೋದು. ಇದ್ರಲ್ಲಿ ಹೋರಾಟ ಎಲ್ಲಿ?"

ಸರ್, 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ತೋಟದ ಕೂಲಿಕಾರರು ಮಾಡಿದ ಮುಷ್ಕರ, ಆ ಚಳವಳಿಯ ಪೋಸ್ಟರ್‌ಗಳು ದೊಡ್ಡವು, ಒಪ್ತೀನಿ. ಆದ್ರೆ ನೀವು ಚಿತ್ರ ನೋಡಿದ್ದು ಅವಸರದಲ್ಲಿ.

1985ರ 'ಕಾಮಾ ಪಾರಾ ಸುಎನ್ಯೋಸ್' ಇದ್ಯಲ್ಲ, ಅಂದ್ರೆ ಕನಸಿಗೊಂದು ಹಾಸಿಗೆ, ಅದನ್ನ ಇನ್ನೊಂದ್ಸಲ ನೋಡಿ. ರಾತ್ರಿ ಹೊತ್ತು, ಕಾರ್ಮೆನ್ ಮತ್ತವರ ಸಹೋದರಿ ಮನೆ ಸೂರಿನ ಮೇಲೆ ಕೂತಿದ್ದಾರೆ, ಕೆಳಗೆ ಕಿಟಕಿಯೊಳಗೆ ಅಮ್ಮ ಹಾಸಿಗೆ ಹಾಸ್ತಿದ್ದಾಳೆ, ಅಷ್ಟೇ. ಆದ್ರೆ ಕಾರ್ಮೆನ್ ಹುಟ್ಟಿದ್ದು 1948ರಲ್ಲಿ, ಟೆಕ್ಸಸ್‌ನ ಕಿಂಗ್ಸ್‌ವಿಲ್‌ನಲ್ಲಿ, ಆ ಕಾಲಕ್ಕೆ ಅಲ್ಲಿನ ಶಾಲೇಲಿ ಮಕ್ಕಳು ಸ್ಪ್ಯಾನಿಷ್ ಮಾತಾಡಿದ್ರೆ ಶಿಕ್ಷೆ ಬೀಳ್ತಿತ್ತು. ಮನೆಮಾತೇ ತಪ್ಪು ಅಂದ ಊರಲ್ಲಿ ಆ ಹುಡುಗೀರು ನಾವು ಕಲಾವಿದರಾಗ್ತೀವಿ ಅಂತ ಕನಸು ಕಾಣ್ತಾರೆ, ಅಮ್ಮ ಅದಕ್ಕೆ ಹಾಸಿಗೆ ಸಿದ್ಧ ಮಾಡ್ತಾಳೆ. ಇದು ಹೋರಾಟ ಅಲ್ವಾ?

ಲಾಸ್ ಏಂಜಲಿಸ್‌ನ ಇನ್ನೊಬ್ಬ ಚಿಕಾನಾ ಕಲಾವಿದೆ ಪ್ಯಾಟ್ಸಿ ವಾಲ್ಡೆಸ್ ಚಿತ್ರಿಸೋ ಕೋಣೆಗಳಲ್ಲಿ ಎಷ್ಟೋ ಸಲ ಜನಾನೇ ಇರಲ್ಲ, ಟೇಬಲ್ ವಾಲಿರತ್ತೆ, ಸಾಮಾನೆಲ್ಲಾ ಈಗ ಬಿತ್ತು ಅನ್ನೋ ಹಾಗಿರತ್ತೆ, ಆದ್ರೂ ಬಣ್ಣ ಮಾತ್ರ ಹಬ್ಬದ್ದು. ಮನೆಯೊಳಗಿನ ಭಯಾನ ಇಷ್ಟು ನಿಜವಾಗಿ ಬರೆದವರು ಕಮ್ಮಿ.

ಇನ್ನು ಚಿಕಾನಾ ಕಲಾವಿದೆ ಯೋಲಾಂಡಾ ಲೋಪೆಸ್. 1978ರಲ್ಲಿ ತನ್ನನ್ನ, ಅಮ್ಮನ್ನ, ಅಜ್ಜೀನ ಮೂವರನ್ನೂ ಗ್ವಾಡಲೂಪೆ ಮಾತೆಯಾಗಿ, ಅಂದ್ರೆ ಮೆಕ್ಸಿಕೋದವರು ಪೂಜಿಸೋ ಮೇರಿ ಮಾತೆಯಾಗಿ, ಬರೆದ್ರು. ಅಮ್ಮ ಹೊಲಿಗೆ ಮಿಷನ್ ಮುಂದೆ ಕೂತು ದೇವಿಯ ನಕ್ಷತ್ರದ ಮೇಲುದವನ್ನ ತಾನೇ ಹೊಲೀತಿದ್ದಾಳೆ. ನಮ್ಮಮ್ಮನೂ ರಾತ್ರಿ ಹನ್ನೊಂದರ ತನಕ ಮಿಷನ್ ತುಳಿದೇ ನಮ್ಮ ಫೀಸು ಕಟ್ಟಿದ್ದು, ಬೆಳಗ್ಗೆ ನೋಡಿದ್ರೆ ಬೆರಳಿಗೆ ಬಟ್ಟೆ ಚೂರು ಸುತ್ಕೊಂಡಿರ್ತಿದ್ರು, ನಾವ್ಯಾರೂ ಅದನ್ನ ಹೋರಾಟ ಅನ್ಲಿಲ್ಲ. ನಮ್ಮ ಹೆಣ್ಮಕ್ಕಳು ಬರೆದದ್ದನ್ನೂ 'ಅಡುಗೆಮನೆ ಸಾಹಿತ್ಯ' ಅಂತ ಪಕ್ಕಕ್ಕಿಟ್ಟವರು ನಾವೇ ಅಲ್ವಾ, ಬೀದೀಲಿ ಕೂಗಿದ್ದು ಮಾತ್ರ ಕ್ರಾಂತಿ ಅಂತ ಎಷ್ಟು ವರ್ಷ ನಂಬ್ಕೊಂಡು ಕೂರೋದು?

ನೀವು ಸಿಟ್ಟಾಗುವಷ್ಟು ಮನಸಿಟ್ಟು ಓದ್ತೀರಿ, ಅದಕ್ಕೇ ಇಷ್ಟು ಉದ್ದ ಬರೆದೆ. ಮುಂದಿನ ಸಂಚಿಕೇಲಿ ಲೋಪೆಸ್ ಅವರ ಮೂರೂ ಚಿತ್ರ ಹಾಕ್ತೀವಿ. ಅಜ್ಜಿಯ ಒಂದು ಕೈಲಿ ಚಾಕು ಇದೆ, ಇನ್ನೊಂದರಲ್ಲಿ ಸುಲಿದ ಹಾವಿನ ಚರ್ಮ. ನೋಡಿ ಮತ್ತೆ ಬರೀರಿ.