ಜಂಟಿ ಪ್ರಾಯೋಜಕರ ವರಮಾನ: ಯಾರದು, ಯಾವಾಗಿನದು?

ಪ್ರಶ್ನೆ: ನನ್ನ ಪತಿ ಅಮೆರಿಕದ ಪ್ರಜೆ. ಅಲ್ಲಿಯೇ ಪಿಎಚ್‌.ಡಿ. ಮಾಡುತ್ತಿರುವ ಅವರಿಗೆ ವರ್ಷಕ್ಕೆ 23,000 ಡಾಲರ್ ಸ್ಟೈಪೆಂಡ್ ಬರುತ್ತದೆ. ಅದು ಸಾಲದಾದ್ದರಿಂದ ನ್ಯೂಜೆರ್ಸಿಯಲ್ಲಿರುವ ಅವರ ಸೋದರಮಾವ ನನ್ನ ವಲಸೆ ವೀಸಾಕ್ಕೆ ಜಂಟಿ ಪ್ರಾಯೋಜಕರಾಗಿ ವಲಸೆ ಬರುವವರ ಜೀವನ ನಿರ್ವಹಣೆಗೆ ತಾವು ಹೊಣೆ ಎಂದು ಬರೆದುಕೊಡುವ ಐ-864 ಫಾರಂ ತುಂಬಿಕೊಟ್ಟು, ತೆರಿಗೆ ಇಲಾಖೆ ಕೊಡುವ ವರಮಾನದ ದಾಖಲೆಯಾದ 2024ರ ತೆರಿಗೆ ಟ್ರಾನ್ಸ್‌ಕ್ರಿಪ್ಟ್ ಲಗತ್ತಿಸಿದ್ದರು. ಅದರಲ್ಲಿ 88,000 ಡಾಲರ್ ವರಮಾನ ಇದ್ದರೂ ಪುರಾವೆ ಸಾಲದೆಂದು ವಲಸೆ ವೀಸಾ ಕಡತಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಕಚೇರಿ ನ್ಯಾಷನಲ್ ವೀಸಾ ಸೆಂಟರ್ ತಿಳಿಸಿದೆ. ಆ ಮೊತ್ತದಲ್ಲಿ ಅವರ ಪತ್ನಿಯ ಸಂಬಳವೂ ಸೇರಿದೆ. ಆ ವರ್ಷ ಕೆಲವು ತಿಂಗಳು ಕೆಲಸವಿಲ್ಲದಿದ್ದುದರಿಂದ ಸೋದರಮಾವನ ಸ್ವಂತ ದುಡಿಮೆ 41,000 ಮಾತ್ರ. ಈಗಿನ ಕೆಲಸದಲ್ಲಿ ತಿಂಗಳಿಗೆ 4,800 ಡಾಲರ್ ಇದೆ. ಅವರಿಗೆ 17 ವರ್ಷದ ಮಗನೂ, ಬೇರೆ ಊರಿನಲ್ಲಿ ದುಡಿಯುತ್ತಿರುವ 23 ವರ್ಷದ ಮಗಳೂ ಇದ್ದಾರೆ. ಹಿಂದೆ ಅವರೇ ಪ್ರಾಯೋಜಕರಾಗಿ ತಮ್ಮ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದರು. ಅವರು ಈಗ ಇನ್ನೊಬ್ಬ ಮಗನ ಮನೆಯಲ್ಲಿದ್ದಾರೆ. ನನ್ನ ಪತಿಯ ಸ್ಟೈಪೆಂಡನ್ನು ಇದಕ್ಕೆ ಸೇರಿಸಿ ತೋರಿಸಬಹುದೇ? ನನ್ನ ತಂದೆ ಇಲ್ಲಿಂದಲೇ ಪ್ರಮಾಣಪತ್ರ ಕೊಟ್ಟರೆ ಆಗುತ್ತದೆಯೇ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಸೇರಿಸಿ ತೋರಿಸಲು ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲಿಯೇ. ‘ಜಂಟಿ’ ಎಂಬ ಮಾತು ಕೇಳಿದಾಗ ಇಬ್ಬರ ವರಮಾನವನ್ನೂ ಕೂಡಿಸುತ್ತಾರೆ ಎಂದು ಅನ್ನಿಸುವುದು ಸಹಜವಾದರೂ, ಇಲ್ಲಿ ಜಂಟಿಯಾಗಿರುವುದು ಹೊಣೆಯೇ ಹೊರತು ವರಮಾನವಲ್ಲ. ನಿಮಗಾಗಿ ವಲಸೆ ಅರ್ಜಿ ಹಾಕಿದವರು ನಿಮ್ಮ ಪತಿಯೇ ಆದ್ದರಿಂದ ಅವರ ವರಮಾನ ಎಷ್ಟೇ ಕಡಿಮೆಯಿದ್ದರೂ ಅವರು ತಮ್ಮದೇ ಐ-864 ಸಲ್ಲಿಸಲೇಬೇಕು. ಅದರ ಜೊತೆಗೆ ಸೋದರಮಾವನವರು ಪ್ರತ್ಯೇಕವಾಗಿ ಸಲ್ಲಿಸುವ ಫಾರಂ, ಸ್ಟೈಪೆಂಡಿನ ಒಂದು ಡಾಲರನ್ನೂ ಲೆಕ್ಕಕ್ಕೆ ಹಿಡಿಯದೆ, ತನ್ನಷ್ಟಕ್ಕೆ ತಾನೇ ಮಿತಿಯನ್ನು ಮುಟ್ಟಬೇಕು.

ಆ ಮಿತಿ ಎಂದರೆ ಅಮೆರಿಕ ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನ ರೇಖೆಯ ಶೇಕಡಾ 125. ಅದು ಕುಟುಂಬದ ತಲೆಎಣಿಕೆಯ ಮೇಲೆ ನಿಲ್ಲುವುದರಿಂದ, ವರಮಾನದ ಚರ್ಚೆಗಿಂತ ಮೊದಲು ಎಣಿಕೆ ಸರಿಯಾಗಬೇಕು. ಸೋದರಮಾವನವರು, ಅವರ ಪತ್ನಿ, ಮಗ ಮತ್ತು ವಲಸೆ ಹೋಗಲಿರುವ ನೀವು ಸೇರಿ ನಾಲ್ವರಾದಿರಿ. ಮಗಳು 21 ದಾಟಿ ಸ್ವಂತವಾಗಿ ದುಡಿಯುತ್ತಿರುವುದರಿಂದ, ತೆರಿಗೆ ಪತ್ರದಲ್ಲಿ ಅವಳನ್ನು ಅವಲಂಬಿತಳೆಂದು ತೋರಿಸದಿದ್ದರೆ ಎಣಿಸಬೇಕಾಗಿಲ್ಲ. ಆದರೆ ಸೋದರಮಾವನವರ ತಾಯಿಯನ್ನು ಬಿಡುವಂತಿಲ್ಲ. ಅವರು ಬೇರೆ ಮಗನ ಮನೆಯಲ್ಲಿದ್ದರೂ, ಅವರಿಗಾಗಿ ಹಿಂದೆ ಸಹಿ ಮಾಡಿದ ಐ-864 ಜಾರಿಯಲ್ಲಿರುವವರೆಗೆ ಲೆಕ್ಕಕ್ಕೆ ಬರುತ್ತಾರೆ. ಅಮೆರಿಕದ ಪೌರತ್ವ ಪಡೆದಿದ್ದರೆ ಅಥವಾ ಗ್ರೀನ್ ಕಾರ್ಡ್ ಒಪ್ಪಿಸಿ ದೇಶ ಬಿಟ್ಟಿದ್ದರೆ ಬೇರೆ ಮಾತು. ಹೀಗೆ ಎಣಿಕೆ ಐದಾಗುತ್ತದೆ. 2025ರ ಮಾರ್ಚ್‌ನಿಂದ ಅನ್ವಯವಾದ ಪಟ್ಟಿಯಂತೆ, ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ ರಾಜ್ಯಗಳಲ್ಲಿ ಐವರ ಕುಟುಂಬಕ್ಕೆ ಬೇಕಾದದ್ದು 47,062 ಡಾಲರ್. (ಇಬ್ಬರಿಗೆ 26,437, ನಿಮ್ಮ ಪತಿಯ ಸ್ಟೈಪೆಂಡ್ ಸಾಲದಾದದ್ದು ಈ ಲೆಕ್ಕದಲ್ಲಿ.) ಹೊಸ ವರ್ಷದ ಪಟ್ಟಿ ಬಂದರೆ ಅಂಕಿ ಮೇಲೇರುವುದು ವಾಡಿಕೆಯಾದ್ದರಿಂದ ತುಸು ಹೆಚ್ಚು ತೋರಿಸಿಕೊಳ್ಳುವುದು ಜಾಣತನ.

ಇನ್ನು ವರಮಾನ. ದಂಪತಿ ಒಟ್ಟಾಗಿ ತೆರಿಗೆ ಸಲ್ಲಿಸಿದಾಗ ಟ್ರಾನ್ಸ್‌ಕ್ರಿಪ್ಟಿನಲ್ಲಿ ಇಬ್ಬರದೂ ಕೂಡಿದ ಮೊತ್ತ ಬರುತ್ತದೆ. ಅದರಲ್ಲಿ ಫಾರಂಗೆ ಸಹಿ ಹಾಕಿದವರ ಪಾಲು ಎಷ್ಟೆಂದು ಓದುವ ಅಧಿಕಾರಿಗೆ ತಿಳಿಯುವುದಿಲ್ಲ. ಒಬ್ಬರ ವರಮಾನವನ್ನು ಮಾತ್ರ ಆಧಾರವಾಗಿಟ್ಟುಕೊಳ್ಳುವಾಗ ಉದ್ಯೋಗದಾತರು ವರ್ಷದ ಸಂಬಳ ತೋರಿಸಿ ಕೊಡುವ ಡಬ್ಲ್ಯೂ-2 ಪತ್ರಗಳನ್ನು ಲಗತ್ತಿಸಲೇಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ನಿಮ್ಮ ಕಡತ ಹಿಂದಿರುಗಿದ್ದು ಬಹುಶಃ ಇದೇ ಕಾರಣಕ್ಕೆ.

ಡಬ್ಲ್ಯೂ-2 ಲಗತ್ತಿಸಿದ ಕೂಡಲೇ 41,000 ಎಂಬ ಅಂಕಿ ಬಯಲಾಗುತ್ತದೆ, ಅದು ಮಿತಿಗಿಂತ ಕಡಿಮೆ ಎಂದು ಗಾಬರಿಯಾಗಬೇಡಿ. ಫಾರಂ ಮುಖ್ಯವಾಗಿ ಕೇಳುವುದು ಸಹಿ ಮಾಡುವ ಹೊತ್ತಿನ ವಾರ್ಷಿಕ ವರಮಾನವನ್ನು. ಹಿಂದಿನ ವರ್ಷದ ತೆರಿಗೆ ಪತ್ರ ಅದಕ್ಕೆ ಒಂದು ಸಾಕ್ಷಿ ಮಾತ್ರ. ತಿಂಗಳಿಗೆ 4,800ರಂತೆ ವರ್ಷಕ್ಕೆ 57,600 ಆಗುವುದರಿಂದ ಅವರು ಒಬ್ಬರೇ ಮಿತಿಯನ್ನು ದಾಟುತ್ತಾರೆ. ಆದರೆ ಸಾಕ್ಷಿ ಹಳೆಯ ಅಂಕಿ ಹೇಳುತ್ತಿರುವಾಗ ಫಾರಂ ಹೊಸ ಅಂಕಿ ಹೇಳಿದರೆ, ನಡುವಿನ ಅಂತರವನ್ನು ಕಾಗದಗಳೇ ತುಂಬಬೇಕು. ಈಗಿನ ಉದ್ಯೋಗದಾತರಿಂದ ಹುದ್ದೆ, ಸೇರಿದ ದಿನಾಂಕ, ಸಂಬಳ ಮತ್ತು ಕೆಲಸ ಕಾಯಂ ಆಗಿದೆಯೇ ಎಂಬುದನ್ನು ತಿಳಿಸುವ ಇತ್ತೀಚಿನ ಪತ್ರ, ಕಳೆದ ಆರು ತಿಂಗಳ ಸಂಬಳದ ಚೀಟಿಗಳಾದ ಪೇ ಸ್ಟಬ್‌ಗಳು, ಮತ್ತು 2024ರಲ್ಲಿ ಕೆಲಸ ಬಿಟ್ಟುಹೋದ ತಿಂಗಳುಗಳನ್ನು ನಾಲ್ಕು ಸಾಲಿನಲ್ಲಿ ವಿವರಿಸುವ ಸಹಿ ಮಾಡಿದ ಟಿಪ್ಪಣಿ ಇರಲಿ. ಅವರು ಹೊಸ ಕೆಲಸಕ್ಕೆ ಸೇರಿ ಆರು ತಿಂಗಳಾಗದಿದ್ದರೆ ಇರುವಷ್ಟು ಪೇ ಸ್ಟಬ್ ಕೊಟ್ಟು, ಉದ್ಯೋಗದಾತರ ಪತ್ರದಲ್ಲಿ ಸೇರಿದ ದಿನಾಂಕ ತಪ್ಪದೆ ಬರುವಂತೆ ನೋಡಿಕೊಳ್ಳಿ.

ಇಷ್ಟಾಗಿಯೂ ಅನುಮಾನ ಉಳಿದರೆ, ಒಂದೇ ಮನೆಯಲ್ಲಿರುವ ಅವರ ಪತ್ನಿ ಐ-864ಎ ಎಂಬ ಪೂರಕ ಫಾರಂಗೆ ಸಹಿ ಮಾಡಿ ತಮ್ಮ ವರಮಾನವನ್ನೂ ಸೇರಿಸಬಹುದು. ಆಗ ಅವರ ಡಬ್ಲ್ಯೂ-2 ಕೂಡ ಬೇಕಾಗುತ್ತದೆ. ನನ್ನ ಮಟ್ಟಿಗೆ, ಮೊದಲೇ ಅವರನ್ನು ಇದಕ್ಕೆ ಎಳೆಯುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಆ ಸಹಿಯೂ ಹೊಣೆಯನ್ನು ಹೊರಿಸುತ್ತದೆ. ಆ ಹೊಣೆ 1996ರ ಕಾನೂನಿನಿಂದ ಬಂದದ್ದು: ನೀವು ಪೌರತ್ವ ಪಡೆಯುವವರೆಗೆ ಅಥವಾ ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ತ್ರೈಮಾಸಿಕಗಳು ನಿಮ್ಮ ಲೆಕ್ಕಕ್ಕೆ ಸೇರುವವರೆಗೆ ಅದು ಉಳಿಯುತ್ತದೆ, ವಿಚ್ಛೇದನವಾದರೂ ಬಿಡುವುದಿಲ್ಲ. ಸೋದರಮಾವನವರಿಗೆ ಇದು ಗೊತ್ತಿದೆಯೇ ಎಂದು ನಿಮ್ಮ ಪತಿ ಒಮ್ಮೆ ಕೇಳಿಬಿಡಲಿ. ಸಂಬಂಧಿಕರ ನಡುವೆ ಇಂತಹ ಮಾತನ್ನು ಆಡುವುದಕ್ಕೆ ಮುಜುಗರವಾದರೂ, ಆಡದಿರುವುದು ಅದಕ್ಕಿಂತ ಕಷ್ಟ.

ಅವರು ಪ್ರಜೆಯೋ ಗ್ರೀನ್ ಕಾರ್ಡ್ ಹೊಂದಿದವರೋ ಎಂಬುದಕ್ಕೂ ದಾಖಲೆ ಬೇಕು: ಅಮೆರಿಕದ ಪಾಸ್‌ಪೋರ್ಟ್ ಅಥವಾ ಪೌರತ್ವ ಪ್ರಮಾಣಪತ್ರದ ನಕಲು, ಇಲ್ಲವೇ ಗ್ರೀನ್ ಕಾರ್ಡಿನ ಎರಡೂ ಬದಿ. ಸಂದರ್ಶನದ ವೇಳೆಗೆ ಹೊಸ ವರ್ಷದ ತೆರಿಗೆ ಸಲ್ಲಿಸಿದ್ದರೆ ಆ ಟ್ರಾನ್ಸ್‌ಕ್ರಿಪ್ಟನ್ನೂ ಕೊಂಡೊಯ್ಯಿರಿ. ಒಂದು ಕಾಗದ ಕೊರತೆಯಾದರೂ 221(ಜಿ) ಎಂಬ ಚೀಟಿ ಕೊಟ್ಟು ಪ್ರಕರಣವನ್ನು ತಡೆಹಿಡಿಯುತ್ತಾರೆ. ಕೊರತೆಯಾದದ್ದನ್ನು ಕೊಟ್ಟ ಮೇಲೆ ಮುಂದುವರಿಯುತ್ತದೆ.

ತಂದೆಯವರ ಪ್ರಮಾಣಪತ್ರದಿಂದ ಉಪಯೋಗವಿಲ್ಲ. ಪ್ರಾಯೋಜಕರು ಅಮೆರಿಕದಲ್ಲೇ ವಾಸವಾಗಿರುವ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವರಾಗಿರಬೇಕು.

ಪ್ರಶ್ನೆ: ನನ್ನ ಪತ್ನಿಗೆ ಜಂಟಿ ಪ್ರಾಯೋಜಕರಾಗಲು ಒಪ್ಪಿರುವ ಗೆಳೆಯ ಅಮೆರಿಕದಲ್ಲಿ ಸ್ವಂತ ಅಂಗಡಿ ನಡೆಸುತ್ತಿದ್ದಾನೆ. ವರ್ಷದ ವಹಿವಾಟು 2,00,000 ಡಾಲರ್ ದಾಟುತ್ತದೆ. ಅವನಿಗೆ ಡಬ್ಲ್ಯೂ-2 ಇಲ್ಲ. ಸಾಕಾಗುತ್ತದೆಯೇ?
— ಓದುಗ, ಧಾರವಾಡ

ಉತ್ತರ: ವಹಿವಾಟನ್ನು ಯಾರೂ ಕೇಳುವುದಿಲ್ಲ. ಬಾಡಿಗೆ, ಸರಕು, ಸಂಬಳ ಎಲ್ಲವನ್ನೂ ಕಳೆದು ತೆರಿಗೆ ಪತ್ರದಲ್ಲಿ ಉಳಿದ ವರಮಾನವೇ ಲೆಕ್ಕ. ತೆರಿಗೆ ಉಳಿಸಲು ಖರ್ಚುಗಳನ್ನು ಧಾರಾಳವಾಗಿ ತೋರಿಸಿದ ವ್ಯಾಪಾರಿಗೆ ಈ ಫಾರಂ ತುಂಬುವಾಗ ಅದೇ ಧಾರಾಳತನ ಅಡ್ಡ ಬರುತ್ತದೆ. ಗೆಳೆಯರು ಟ್ರಾನ್ಸ್‌ಕ್ರಿಪ್ಟಿನ ಜೊತೆಗೆ ಸ್ವಂತ ವ್ಯಾಪಾರದ ಲಾಭ ನಷ್ಟ ತೋರಿಸುವ ಷೆಡ್ಯೂಲ್ ಸಿ ಸಮೇತ ಪೂರ್ಣ ತೆರಿಗೆ ಪತ್ರವನ್ನು ಕೊಡಲಿ. ನೀವು ನೋಡಬೇಕಾದದ್ದು ಆ ಷೆಡ್ಯೂಲಿನ ಕೊನೆಯಲ್ಲಿರುವ ನಿವ್ವಳ ಲಾಭ. ಅವರಿಗೆ ಬೇರೆ ವರಮಾನವಿಲ್ಲದೆ, ಆ ಅಂಕಿ ಅವರ ಕುಟುಂಬದ ಎಣಿಕೆಗೆ ತಕ್ಕ ಮಿತಿಗಿಂತ ಕೆಳಗಿದ್ದರೆ, ಸಂಬಳದ ಕೆಲಸದಲ್ಲಿರುವ ಇನ್ನೊಬ್ಬರನ್ನು ಕೇಳುವುದು ಬೇಗ ಮುಗಿಯುವ ದಾರಿ.