ಹದಿನಾಲ್ಕು ನೋಟ್‌ಬುಕ್, ಒಂದು ಬಿಸ್ಕೆಟ್ ಡಬ್ಬಿ

ಸಾಗರದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಒಂದು ಭಾಗ: "ಇಪ್ಪತ್ತು ವರ್ಷದಿಂದ ಸೋಬಾನೆ ಪದ, ಗಾದೆ, ಒಗಟು ಬರೆದಿಡುತ್ತಾ ಬಂದಿದ್ದೇನೆ. ಹದಿನಾಲ್ಕು ನೋಟ್‌ಬುಕ್ ಆಗಿವೆ. ಬಿಸ್ಕೆಟ್ ಡಬ್ಬಿಯ ತುಂಬ ಚೀಟಿಗಳಿವೆ. ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳೂ ಫೋನಿನಲ್ಲಿ ಫೋಟೊ, ರೆಕಾರ್ಡಿಂಗುಗಳೂ ಇವೆ. ಬೇಕೆಂದಾಗ ಒಂದೂ ಸಿಗುವುದಿಲ್ಲ. ಮಗ ಒಂದು ಆ್ಯಪ್ ಹೇಳುತ್ತಾನೆ, ಸೊಸೆ ಇನ್ನೊಂದು. ಯಾವುದು ಒಳ್ಳೆಯದು?"

ಮೇಡಂ,

ಆ್ಯಪ್ ವಿಚಾರ ಕೊನೆಗಿರಲಿ. ಮೊದಲು ನನ್ನ ಕಥೆ ಕೇಳಿ.

ಕೆಲವು ವರ್ಷದ ಹಿಂದೆ ಒಬ್ಬ ಹಿರಿಯ ಭಾಗವತರ ಜೊತೆ ಎರಡು ಗಂಟೆ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಆಮೇಲೆ ಅದು ಸಿಗಲೇ ಇಲ್ಲ. ಅಳಿಸಿಹೋಯಿತು ಅಂದುಕೊಂಡೆ. ಆಗ ನನ್ನ ಕಂಪ್ಯೂಟರಿನಲ್ಲಿ ನಲವತ್ತಕ್ಕೂ ಹೆಚ್ಚು ಫೋಲ್ಡರ್ ಇದ್ದವು. ಕಲೆ, ಅದರೊಳಗೆ ರಂಗ, ಅದರೊಳಗೆ ಯಕ್ಷಗಾನ, ಅದರೊಳಗೆ ಬಡಗು, ತೆಂಕು. ನೋಡಲು ಚೆಂದ. ಮೂರು ವರ್ಷದ ಮೇಲೆ ಆ ಧ್ವನಿ ಸಿಕ್ಕಿದ್ದು 'ಇತರೆ' ಅನ್ನುವ ಫೋಲ್ಡರಿನಲ್ಲಿ. ಹೆಸರು 'ಹೊಸ ರೆಕಾರ್ಡಿಂಗ್ 7'. ಅಷ್ಟರಲ್ಲಿ ಭಾಗವತರು ತೀರಿಹೋಗಿದ್ದರು.

ತಪ್ಪು ಎಲ್ಲಿ ಅಂದರೆ, ಎಲ್ಲಿ ಇಡಬೇಕು ಅನ್ನುವುದರಲ್ಲೇ ತಲೆ ಕೆಡಿಸಿಕೊಂಡಿದ್ದೆ. ಮುಂದೆ ಹುಡುಕುವಾಗ ಯಾವ ಪದ ಬಾಯಿಗೆ ಬರುತ್ತದೆ ಅಂತ ಯೋಚಿಸಿರಲಿಲ್ಲ. ಈಗ ಫೈಲಿಗೆ ಆ ಪದವನ್ನೇ ಹೆಸರಾಗಿ ಇಡುತ್ತೇನೆ. ನಿಮ್ಮ ರೆಕಾರ್ಡಿಂಗಾದರೆ '2019-05-12 ಸೋಬಾನೆ ಹಸೆಗೆ ಕರೆಯುವ ಹಾಡು' ಅಂತಿರಲಿ, ಜೊತೆಗೆ ಹಾಡಿದವರ ಹೆಸರು, ಊರು. ಉದ್ದ ಆಯಿತು ಅಂತ ಸಂಕೋಚ ಬೇಡ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿ ಕಾಲಕ್ರಮದಲ್ಲಿ ಜೋಡಿಸುತ್ತದೆ. ನಾವು ರೂಢಿಯಲ್ಲಿ ಬರೆಯುವಂತೆ 12-05-2019 ಅಂತ ಹಾಕಿದರೆ ಎಲ್ಲ ವರ್ಷದ, ಎಲ್ಲ ತಿಂಗಳ ಹನ್ನೆರಡನೇ ತಾರೀಖುಗಳು ಒಟ್ಟಿಗೆ ಬಂದು ಕೂರುತ್ತವೆ. ಅಂಕಿ ಕನ್ನಡದ್ದೋ ಇಂಗ್ಲಿಷಿನದೋ, ಯಾವುದಾದರೂ ಒಂದೇ ಇರಲಿ. ೨೦೧೯ ಮತ್ತು 2019 ಒಂದೇ ಅಂತ ನಮಗೆ ಗೊತ್ತು, ಯಂತ್ರಕ್ಕೆ ಬಹಳ ಸಲ ಗೊತ್ತಿರುವುದಿಲ್ಲ.

ನೋಟ್‌ಬುಕ್‌ಗಳನ್ನು ಮತ್ತೆ ಟೈಪ್ ಮಾಡಲು ಕೂರಬೇಡಿ. ಎರಡನೇ ಪುಸ್ತಕಕ್ಕೇ ಬೇಜಾರಾಗುತ್ತದೆ. ಹೊದಿಕೆಯ ಮೇಲೆ ದಪ್ಪಗೆ 1ರಿಂದ 14 ಸಂಖ್ಯೆ ಹಾಕಿ. ಪುಟಗಳಿಗೂ ಸಂಖ್ಯೆ ಬರೆಯಿರಿ. ಚೀಟಿಗಳಿಗೂ ಅಷ್ಟೇ, ಡಬ್ಬಿಯಲ್ಲಿ ಇದ್ದ ಹಾಗೇ ಒಂದರಿಂದ ಶುರು ಮಾಡಿ. ಆಮೇಲೆ ಬೇರೆ ಒಂದು ಪುಸ್ತಕದಲ್ಲಿ ಸೂಚಿ ಮಾಡಿ: 'ಎಣ್ಣೆ ಶಾಸ್ತ್ರ: 5/32, 9/4, ಚೀಟಿ 118'. 5/32 ಅಂದರೆ ಐದನೇ ಪುಸ್ತಕದ 32ನೇ ಪುಟ. ಇಷ್ಟೇ.

ಇದು ನನ್ನ ಬುದ್ಧಿಯಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಸುಮಾರು 90,000 ಚೀಟಿ ಬರೆದು ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ವಿಷಯಕ್ಕೊಂದು ಖಾನೆ ಅಂತ ಕಟ್ಟುನಿಟ್ಟಾಗಿ ಮಾಡಲಿಲ್ಲ. ಪ್ರತಿ ಚೀಟಿಗೂ ಒಂದು ಸಂಖ್ಯೆ, ಅದು ಬದಲಾಗುವುದಿಲ್ಲ. ಒಂದು ಚೀಟಿಯ ಮಾತು ಇನ್ನೊಂದಕ್ಕೆ ತಾಗಿದರೆ ಅದರ ಸಂಖ್ಯೆಯನ್ನು ಇಲ್ಲಿ ಬರೆಯುವುದು. ಹುಡುಕಲು ಪಕ್ಕದಲ್ಲಿ ಒಂದು ಸೂಚಿ. ಮನೆಗೆ ಡೋರ್ ನಂಬರ್ ಇದ್ದಂತೆ, ಒಳಗೆ ಯಾರಿದ್ದಾರೆ ಅನ್ನುವುದಕ್ಕೂ ನಂಬರಿಗೂ ಸಂಬಂಧ ಇಲ್ಲ, ಅಂಚೆಯವನಿಗೆ ಮನೆ ಸಿಕ್ಕಿದರೆ ಸಾಕು, ಅಲ್ವಾ? ಒಂದೇ ಗಾದೆ ಮಳೆಗೂ ಅತ್ತೆ-ಸೊಸೆಗೂ ಸಲ್ಲುತ್ತದೆ. ಫೋಲ್ಡರಿನಲ್ಲಿ ಅದನ್ನು ಎಲ್ಲಿ ಇಡುತ್ತೀರಿ? ಸೂಚಿಯಲ್ಲಾದರೆ ಎರಡು ಕಡೆಯೂ ಬರೆಯಬಹುದು.

ನಿಮ್ಮ ನಿಜವಾದ ಕಷ್ಟ ಇರುವುದು ನುಡಿ ಫೈಲುಗಳಲ್ಲಿ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಮೇಲೆ ಕನ್ನಡ ಫಾಂಟಿನ ಅಂಗಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗಜಿಬಿಜಿ. ಈಗಿನ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಕೀಲಿಮಣೆಯಲ್ಲಿ 'ಹಸೆ' ಅಂತ ಹುಡುಕಿದರೆ ಸಿಗುವುದೇ ಇಲ್ಲ. ಇವನ್ನು ಮಾತ್ರ ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಮೂಲ ಫೈಲನ್ನು ಅಳಿಸಬೇಡಿ. ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಜಾಗ ಒಮ್ಮೆ ಓದಿ ನೋಡಿ, ಎಡವಟ್ಟು ಆಗುವುದು ಜಾಸ್ತಿ ಅಲ್ಲೇ.

ಕನ್ನಡದಲ್ಲಿ ಹುಡುಕುವುದಕ್ಕೆ ಇನ್ನೂ ಎರಡು ತೊಡಕು ಇವೆ. 'ಹಾಡು' ಅಂತ ಕೊಟ್ಟರೆ 'ಹಾಡಿನ', 'ಹಾಡಿಗೆ' ಸಿಗುವುದಿಲ್ಲ. ಕೊನೆಯ ಉಕಾರ ಬಿಟ್ಟು 'ಹಾಡ' ಅಂತ ಕೊಟ್ಟು ನೋಡಿ, ಬಹಳ ಕಡೆ ಎಲ್ಲವೂ ಬರುತ್ತದೆ. ಎರಡನೆಯದು ಕಾಗುಣಿತ. ನೀವೇ ಪತ್ರದಲ್ಲಿ ಒಂದು ಕಡೆ ಸೋಬಾನೆ, ಇನ್ನೊಂದು ಕಡೆ ಶೋಭಾನೆ ಅಂತ ಬರೆದಿದ್ದೀರಿ! ಹಾಡಿದವರ ಬಾಯಲ್ಲಿ ಬಂದದ್ದು ಹಾಗೇ ಇರಲಿ, ತಿದ್ದಬೇಡಿ. ಫೈಲಿನ ಹೆಸರಿಗೆ, ಸೂಚಿಗೆ ಮಾತ್ರ ಒಂದೇ ರೂಪ ಇಟ್ಟುಕೊಳ್ಳಿ. ಯಾವ ಪದಕ್ಕೆ ಯಾವ ರೂಪ ಅಂತ ಸೂಚಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಇನ್ನು ಆ್ಯಪ್. ಮಗ ಹೇಳಿದ್ದೂ ಆಗುತ್ತದೆ, ಸೊಸೆ ಹೇಳಿದ್ದೂ ಆಗುತ್ತದೆ. ಕೇಳಬೇಕಾದ್ದು ಒಂದೇ: ನಾಳೆ ಬಿಟ್ಟುಬರಬೇಕು ಅನ್ನಿಸಿದರೆ ಬರೆದದ್ದೆಲ್ಲ ಸಾದಾ ಪಠ್ಯವಾಗಿ ಹೊರಗೆ ತರಲು ಬರುತ್ತದಾ? ಎವರ್‌ನೋಟ್ ಅನ್ನುವ ಟಿಪ್ಪಣಿ ಆ್ಯಪ್ 2023ರ ಕೊನೆಗೆ ಉಚಿತ ಖಾತೆಗೆ 50 ಟಿಪ್ಪಣಿಯ ಮಿತಿ ಹಾಕಿತು. ನಿಮ್ಮ ಡಬ್ಬಿಯ ಚೀಟಿಗಳೇ ಅದಕ್ಕಿಂತ ಹೆಚ್ಚಿರಬಹುದು. ನಾನಂತೂ ಸಾದಾ ಟೆಕ್ಸ್ಟ್ ಫೈಲಿಗೇ ಅಂಟಿಕೊಂಡಿದ್ದೇನೆ. ಸೊಗಸಿಲ್ಲ, ಆದರೆ ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ.

ನಿಮ್ಮೂರಿನ ಮಳೆ ನೆನೆದರೆ ನನಗೆ ಆ್ಯಪಿಗಿಂತ ಬೂಷ್ಟು, ಒರಲೆಯದೇ ಚಿಂತೆ. ಈ ಮಳೆಗಾಲಕ್ಕೆ ಮುಂಚೆ ಹದಿನಾಲ್ಕೂ ಪುಸ್ತಕಗಳ ಪುಟಗಳನ್ನು ಬೆಳಕಿನಲ್ಲಿಟ್ಟು ಫೋಟೊ ತೆಗೆಯಿರಿ. ಪುಸ್ತಕಕ್ಕೊಂದು ಫೋಲ್ಡರ್ ಸಾಕು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ. ಆ ಡಿಸ್ಕ್ ಮಗನ ಮನೆಯಲ್ಲಿರಲಿ, ಅದೇ ಬೀರುವಿನಲ್ಲಿ ಬೇಡ. ಇನ್ನೊಂದು ಪ್ರತಿ ಗೂಗಲ್ ಡ್ರೈವಿನಲ್ಲಿ. ಅಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಮೇಲ್, ಫೋಟೊ ಎಲ್ಲ ಸೇರಿ.

ಹಳೆಯದೆಲ್ಲ ಸರಿಯಾದ ಮೇಲೆ ಹೊಸದು ಅಂತ ಕಾಯಬೇಡಿ. ಇವತ್ತು ಬರೆಯುವ ಚೀಟಿಯಿಂದಲೇ ಸಂಖ್ಯೆ ಶುರುವಾಗಲಿ. ಹಾಡಿದವರು ಯಾರು, ಯಾವ ಊರು, ಯಾವ ಶಾಸ್ತ್ರದ ಹೊತ್ತಿನದು, ಇಷ್ಟನ್ನು ಅವತ್ತೇ ಬರೆದುಬಿಡಿ. ಹಳೆಯ ಚೀಟಿಗಳಿಗೂ ನೆನಪಿದ್ದಷ್ಟು ಈಗಲೇ ಸೇರಿಸಿ. ಈ ಒಂದನ್ನು ಮಾತ್ರ ನಿಮ್ಮ ಮಗ ಯಾವ ಆ್ಯಪಿನಲ್ಲೂ ಹುಡುಕಿಕೊಡಲಾರ.

ಅಂದಹಾಗೆ, ನಿಮ್ಮ ಪತ್ರದ ಎರಡನೇ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಆರು ಸಾಲು ಹಾಡಿದೆ. ಹೆಣ್ಣು ಒಪ್ಪಿಸುವ ಹೊತ್ತಿನದು ಅನ್ನಿಸುತ್ತದೆ. ಯಾರು ಹಾಡಿದ್ದು, ಯಾವ ಊರು, ಏನೂ ಬರೆದಿಲ್ಲ. ಡಬ್ಬಿಯಿಂದ ತಪ್ಪಿಸಿಕೊಂಡು ಬಂದಿರಬೇಕು. ಆ ಹಾಳೆಯನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸಿದ್ದೇನೆ.

– ಸಂ.