ಬಲ್ಬ್ ಬದಲಿಸುವ ಮೊದಲು ಲೈಟಿನ ಗಾಜು ನೋಡಿ

ಪ್ರಶ್ನೆ: ನನ್ನದು 2014ರ ಸ್ವಿಫ್ಟ್. ವಾರಕ್ಕೆರಡು ಸಲ ಹಾಸನದಲ್ಲಿ ಕೆಲಸ ಮುಗಿಸಿ ರಾತ್ರಿ ಬೇಲೂರು ಮೇಲೆ ಊರಿಗೆ ಬರುತ್ತೇನೆ. ಬೇಲೂರು ದಾಟಿದ ಮೇಲೆ ರಸ್ತೆ ಸರಿಯಾಗಿ ಕಾಣುವುದೇ ಇಲ್ಲ. ಎದುರಿಂದ ಗಾಡಿ ಬಂದರಂತೂ ಮುಗೀತು. ಒಬ್ಬರು ಎಲ್‌ಇಡಿ ಹಾಕಿಸಿ ಅಂತಾರೆ, ಇನ್ನೊಬ್ಬರು 100/90 ವ್ಯಾಟ್ ಬಲ್ಬ್ ಅಂತಾರೆ. ನನಗೆ ವಯಸ್ಸು 57. ಯಾವುದು ಹಾಕಿಸಲಿ ಸರ್?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸದ್ಯಕ್ಕೆ ಎರಡೂ ಬೇಡ. ಇರುವ ಬಲ್ಬಿನ ಬೆಳಕು ಪೂರ್ತಿ ಹೊರಗೆ ಬರುತ್ತಿದೆಯಾ ಅಂತ ಮೊದಲು ನೋಡೋಣ.

ಇದೇ ಪ್ರಶ್ನೆ ಹಿಡಿದುಕೊಂಡು ಹಾಸನದ ನಮ್ಮ ಅಂಗಡಿಗೆ ಬರುವವರ ಕಾರಿನ ಮುಂದೆ ನಾನು ಮೊದಲು ಕುಕ್ಕರಗಾಲಲ್ಲಿ ಕೂರುತ್ತೇನೆ. ಹೆಡ್‌ಲೈಟಿನ ಗಾಜು ನೋಡಲಿಕ್ಕೆ. ಗಾಜು ಅಂತ ಬಾಯಿಮಾತಿಗೆ ಅನ್ನುತ್ತೇವೆ, ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಹತ್ತು ವರ್ಷ ಬಿಸಿಲು ಕಂಡರೆ ಅದರ ಮೇಲಿನ ರಕ್ಷಣೆಯ ಪದರ ಹೋಗಿ, ಹಳದಿ ಬಂದು ಮಂಕಾಗುತ್ತದೆ. ಬೆರಳು ಒದ್ದೆ ಮಾಡಿ ಉಜ್ಜಿ ನೋಡಿ. ಒದ್ದೆಯಾದ ಜಾಗ ಮಾತ್ರ ತಿಳಿಯಾಗಿ, ಒಣಗಿದ ಕೂಡಲೇ ಮತ್ತೆ ಮಂಕಾದರೆ ಮಂಕು ಹೊರಗಡೆಯೇ ಇದೆ, ಪಾಲಿಶ್‌ಗೆ ಹೋಗುತ್ತದೆ. 1000, 2000, 3000 ನಂಬರಿನ ವಾಟರ್ ಪೇಪರ್ (ನೀರಲ್ಲಿ ಉಜ್ಜುವ ಸ್ಯಾಂಡ್‌ಪೇಪರ್) ಒಂದಾದ ಮೇಲೊಂದು ನೀರು ಹಾಕಿ ಉಜ್ಜಿ, ಆಮೇಲೆ ಪಾಲಿಶ್ ಮಾಡಬೇಕು. ಕೊನೆಗೆ ಬಿಸಿಲು ತಡೆಯುವ ಯುವಿ ಕೋಟಿಂಗ್ ಹೊಡೆಸಲೇಬೇಕು. ಅದಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮೊದಲಿನ ಹಾಗೇ ಆಗುತ್ತದೆ. ಟೂತ್‌ಪೇಸ್ಟ್ ಹಚ್ಚುವವರೂ ಇದ್ದಾರೆ. ಎರಡು ವಾರ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಇನ್ನು ಯಾರೂ ನೋಡದ ಜಾಗ, ಕರೆಂಟ್. ನಿಮ್ಮ ಕಾರಿನದ್ದು ಎಚ್4 ಅನ್ನುವ ಹ್ಯಾಲೊಜೆನ್ ಬಲ್ಬ್, ಬ್ರೈಟ್ ಡಿಮ್ ಎರಡೂ ತಂತಿ ಒಂದರಲ್ಲೇ, 60/55 ವ್ಯಾಟ್. ಅಂದರೆ ಬ್ರೈಟ್‌ಗೆ 60, ಡಿಮ್‌ಗೆ 55. ಹ್ಯಾಲೊಜೆನ್ ಬಲ್ಬಿನ ಸ್ವಭಾವ ಏನೆಂದರೆ, ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಧಡಕ್ಕನೆ ಇಳಿಯುತ್ತದೆ. ಹತ್ತು ಪರ್ಸೆಂಟ್ ವೋಲ್ಟೇಜ್ ಕಡಿಮೆಯಾದರೆ ಬೆಳಕು ಹತ್ತಿರ ಹತ್ತಿರ ಮೂವತ್ತು ಪರ್ಸೆಂಟ್ ಹೋಯಿತು ಅಂತ ಲೆಕ್ಕ. ಹಳೇ ಕಾರಲ್ಲಿ ಸ್ವಿಚ್ಚಿನ ಪಾಯಿಂಟ್ ಕಪ್ಪಾಗಿರುತ್ತದೆ, ಹೋಲ್ಡರ್ ಸುಟ್ಟಿರುತ್ತದೆ, ಅರ್ತ್ ವೈರ್ ಕಿಲುಬು ಹಿಡಿದಿರುತ್ತದೆ. ಮಲೆನಾಡಿನ ಮಳೆಗೆ ಇದೆಲ್ಲ ಬೇಗ ಆಗುತ್ತದೆ. ಎಂಜಿನ್ ಆನ್ ಮಾಡಿ, ಲೈಟ್ ಹಾಕಿ, ಬ್ಯಾಟರಿ ಹತ್ತಿರ ಎಷ್ಟು ವೋಲ್ಟ್, ಬಲ್ಬಿನ ಹೋಲ್ಡರ್ ಹತ್ತಿರ ಎಷ್ಟು ಅಂತ ಮಲ್ಟಿಮೀಟರ್‌ನಲ್ಲಿ ನೋಡಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಲ್ಬಿನ ತಪ್ಪಲ್ಲ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್ಚು) ಇರುವ ವೈರಿಂಗ್ ಕಿಟ್ ಹಾಕಿಸಿದರೆ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರಿನಲ್ಲಿ ಬಲ್ಬಿಗೆ ಬರುತ್ತದೆ. ಹಳೇ ಸ್ವಿಚ್ಚಿಗೆ ಬರೀ ರಿಲೇ ಆನ್ ಮಾಡುವ ಕೆಲಸ. ಎಷ್ಟೋ ಕಾರಿಗೆ ಇದೊಂದೇ ಮಾಡಿ, ಅದೇ ಬಲ್ಬು ವಾಪಸ್ ಹಾಕಿ ಕಳಿಸಿದ್ದೇನೆ. ಹೊಸ ಬಲ್ಬ್ ಹಾಕಿದ್ದೀರಾ ಅಂತ ಕೇಳುತ್ತಾರೆ!

100/90 ಬಲ್ಬ್ ಬೇಡ ಅಂದದ್ದೂ ಇದೇ ಕಾರಣಕ್ಕೆ. 60 ವ್ಯಾಟ್ ಬಲ್ಬ್ ಸುಮಾರು 5 ಆಂಪಿಯರ್ ಎಳೆದರೆ 100 ವ್ಯಾಟಿನದ್ದು 8ಕ್ಕಿಂತ ಜಾಸ್ತಿ ಎಳೆಯುತ್ತದೆ. ವೈರ್ ಅದೇ ಇದ್ದರೆ ಅದರಲ್ಲಿ ಹುಟ್ಟುವ ಶಾಖ ಎರಡೂವರೆ ಪಟ್ಟಿಗೂ ಜಾಸ್ತಿ. ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡದ್ದನ್ನು ಕಟಿಂಗ್ ಪ್ಲೇಯರ್ ಹಾಕಿ ಬಿಡಿಸಿದ್ದೇನೆ, ವಾಸನೆ ಎರಡು ದಿನ ಕೈಬಿಡಲಿಲ್ಲ. ಒಳಗೆ ಬೆಳಕನ್ನು ಮುಂದಕ್ಕೆ ತಿರುಗಿಸುವ ರಿಫ್ಲೆಕ್ಟರ್‌ನ ಬೆಳ್ಳಿ ಬಣ್ಣವೂ ಸುಡುತ್ತದೆ. ಅದು ಸುಟ್ಟರೆ ಪೂರಾ ಲೈಟೇ ಬದಲಿಸಬೇಕು.

ಎಲ್‌ಇಡಿ ವಿಷಯ ಬೇರೆ. ಎಚ್4 ಒಳಗೆ ಡಿಮ್ ತಂತಿಯ ಕೆಳಗೆ ಚಿಕ್ಕದೊಂದು ತಗಡಿನ ಬಟ್ಟಲು ಇದೆ, ನೋಡಿರಬಹುದು. ಬೆಳಕು ಮೇಲಕ್ಕೆ ಎದ್ದು ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ತಡೆಯುವುದು ಅದೇ. ರಿಫ್ಲೆಕ್ಟರ್ ಕೂಡ ಆ ತಂತಿ ಇರುವ ಜಾಗದ ಲೆಕ್ಕಕ್ಕೇ ಮಾಡಿದ್ದು. ಅಲ್ಲಿ ಎಲ್‌ಇಡಿ ಕೂರಿಸಿದರೆ ಚಿಪ್ ಇರುವ ಜಾಗ, ಬೆಳಕು ಹೊರಡುವ ದಿಕ್ಕು ಎರಡೂ ಬದಲಾಗುತ್ತದೆ. ಬಂಪರ್ ಮುಂದೆ ಹಟ್ಟಹಗಲು, ಆಚೆ ತಿರುವಿನಲ್ಲಿ ಕತ್ತಲು. ಹತ್ತಿರದಲ್ಲಿ ಜಾಸ್ತಿ ಬೆಳಕಿದ್ದರೆ ಕಣ್ಣಿಗೆ ದೂರದ್ದು ಇನ್ನೂ ಕಾಣುವುದಿಲ್ಲ. ಈಗ ಎದುರಿನ ಗಾಡಿಯ ಬೆಳಕಿಗೆ ನೀವು ಬೈಯುತ್ತಿದ್ದೀರಲ್ಲ, ನಾಳೆ ನಿಮಗೂ ಅದೇ ಬೈಗುಳ. ಕಂಪನಿಯಿಂದಲೇ ಎಲ್‌ಇಡಿ ಲೈಟು ಬಂದ ಕಾರಿಗೆ ಈ ಮಾತು ಅನ್ವಯಿಸುವುದಿಲ್ಲ. ಅದರ ರಿಫ್ಲೆಕ್ಟರ್, ಲೆನ್ಸ್ ಎಲ್ಲ ಅದಕ್ಕೆ ಅಂತಲೇ ಮಾಡಿದ್ದು.

ಎಲ್ಲ ಸರಿಮಾಡಿದ ಮೇಲೂ ಸಾಲದು ಅನ್ನಿಸಿದರೆ ಫಿಲಿಪ್ಸ್, ಓಸ್ರಾಮ್‌ನವರ 60/55 ವ್ಯಾಟ್‌ನದ್ದೇ ಜಾಸ್ತಿ ಬೆಳಕಿನ ಬಲ್ಬ್ ಹಾಕಿಸಿ. ಡಬ್ಬದ ಮೇಲೆ ನೂರು ಪರ್ಸೆಂಟ್ ಜಾಸ್ತಿ ಅಂತೆಲ್ಲ ಬರೆದಿರುತ್ತಾರೆ. ಅದು ರಸ್ತೆಯ ಒಂದು ಭಾಗಕ್ಕೆ ಬೀಳುವ ಬೆಳಕಿನ ಲೆಕ್ಕ, ಒಟ್ಟು ಬೆಳಕು ಡಬಲ್ ಆಗುವುದಿಲ್ಲ. ಬಾಳಿಕೆಯೂ ಕಡಿಮೆ. ನೀಲಿ ಬಣ್ಣ ಬಳಿದ ಬಲ್ಬ್ ಮಾತ್ರ ತಗೋಬೇಡಿ, ಆ ಬಣ್ಣವೇ ಒಂದಷ್ಟು ಬೆಳಕು ನುಂಗುತ್ತದೆ ಅಂತ ನನ್ನ ಸಿಟ್ಟು.

ಕೊನೆಗೆ ಲೈಟಿನ ಎತ್ತರ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ ಸುಮಾರು 3 ಇಂಚು ಕೆಳಗಿರಬೇಕು. ಎಡಗಡೆ ಮಾತ್ರ ಸ್ವಲ್ಪ ಮೇಲೇರಿರುತ್ತದೆ, ರಸ್ತೆಯ ಅಂಚು ಕಾಣಲಿ ಅಂತ. ಡಿಕ್ಕಿಯಲ್ಲಿ ಎರಡು ಕಾಫಿ ಮೂಟೆ ಹಾಕಿದರೆ ಹಿಂದೆ ಕುಸಿದು ಬೆಳಕು ಮರದ ಕೊಂಬೆಗೆ ಹೋಗುತ್ತದೆ. ಸ್ಟೇರಿಂಗ್ ಹತ್ತಿರ ಲೈಟ್ ಇಳಿಸುವ ಗುಂಡಿ ಇದ್ದರೆ ಆಗ ಬಳಸಿ.

ವಯಸ್ಸು ಹೇಳಿದ್ದು ಒಳ್ಳೇದಾಯಿತು. ಎದುರಿನ ಬೆಳಕಿಗೆ ತೀರಾ ಕಣ್ಣು ಕೋರೈಸಿದರೆ ಅದು ಪೊರೆ ಬರುತ್ತಿರುವ ಲಕ್ಷಣವೂ ಇರಬಹುದು. ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ. ಕಾರಿನ ಮುಂದಿನ ದೊಡ್ಡ ಗಾಜನ್ನು (ವಿಂಡ್‌ಶೀಲ್ಡ್) ಒಳಗಡೆಯಿಂದಲೂ ಒರೆಸಿ, ಅಲ್ಲಿ ಜಿಡ್ಡು ಕೂತಿರುತ್ತದೆ.

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಮಂಜಿಗೆ ಹಳದಿ ಫಾಗ್ ಲೈಟ್ ಹಾಕಿಸಿದರೆ ಕಾಣುತ್ತದಂತೆ. ನಿಜವಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬಣ್ಣಕ್ಕಿಂತ ಜಾಗ ಮುಖ್ಯ. ಮಂಜಿನ ಹನಿಗಳು ಹಳದಿಯನ್ನೂ ಬಿಳಿಯನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ಹಳದಿ ಕಣ್ಣಿಗೆ ಸ್ವಲ್ಪ ಹಿತ, ಅಷ್ಟೇ ಲಾಭ. ಫಾಗ್ ಲೈಟು ಬಂಪರಿನ ಕೆಳಗೆ, ಅಗಲಕ್ಕೆ ಹರಡುವ ಹಾಗೆ ಇದ್ದರೆ ಬೆಳಕು ಮಂಜಿನ ಅಡಿಯಿಂದ ಹೋಗಿ ರಸ್ತೆಯ ಅಂಚು ತೋರಿಸುತ್ತದೆ. ಬಾನೆಟ್ ಮೇಲೆ, ತಲೆ ಮೇಲೆ ಹಾಕಿದರೆ ಬಿಳಿ ಗೋಡೆ ಎದ್ದಂತೆ ಕಾಣುತ್ತದೆ. ಮಂಜಿನಲ್ಲಿ ಬ್ರೈಟ್ ಹಾಕಿದರೂ ಇದೇ ಗತಿ, ಡಿಮ್ ಸಾಕು.

ನಿಮ್ಮ ಕಡೆ ಆನೆ ಕಾಟ ಬೇರೆ. ಅದರ ಮೈ ಬೆಳಕನ್ನು ಹೆಚ್ಚು ವಾಪಸ್ ಕೊಡುವುದಿಲ್ಲ. 60ರ ವೇಗದಲ್ಲಿ ಕಾರು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಓಡುತ್ತದೆ. ಎಂಥ ಲೈಟ್ ಹಾಕಿದರೂ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲುವ ವೇಗ ಇರಲಿ. ಮತ್ತೆ ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಡಿ ಮಾರಾಯ್ರೆ, ಯಾರು ಯಾವ ಕಡೆ ತಿರುಗುತ್ತಾರೆ ಅಂತ ಹಿಂದಿನವರಿಗೆ ತಿಳಿಯುವುದೇ ಇಲ್ಲ.

ಪ್ರಶ್ನೆ: ಬಲಗಡೆ ಬಲ್ಬ್ ಮಾತ್ರ ಎರಡು ತಿಂಗಳಿಗೊಮ್ಮೆ ಹೋಗುತ್ತದೆ. ಯಾಕೆ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಎರಡೂ ಕಡೆ ಹೋಗುತ್ತಿದ್ದರೆ ಚಾರ್ಜಿಂಗ್ ವೋಲ್ಟೇಜ್ ಜಾಸ್ತಿ ಅನ್ನಬಹುದಿತ್ತು. ಒಂದೇ ಕಡೆ ಅಂದರೆ ಹೋಲ್ಡರ್ ಸಡಿಲ ಇದೆ, ಇಲ್ಲ ಹಿಂದಿನ ರಬ್ಬರ್ ಹರಿದು ನೀರು ಹೋಗುತ್ತಿದೆ, ಇಲ್ಲ ಬಲ್ಬ್ ಹಾಕುವವರು ಗಾಜು ಮುಟ್ಟುತ್ತಿದ್ದಾರೆ. ಬೆರಳಿನ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಗಾಜು ಸೀಳುತ್ತದೆ. ಮುಂದಿನ ಸಲ ಬಲ್ಬಿನ ತಗಡಿನ ಬುಡ ಮಾತ್ರ ಹಿಡಿಯಲು ಹೇಳಿ. ಗಾಜಿಗೆ ಕೈ ತಗುಲಿದ್ದರೆ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ ಆಮೇಲೆ ಹಾಕಲಿ.